ಎಲೆ ಉದುರುವ ಕಾಲದ ಪಾಸ್ಕ

ಮೆಲ್ಬರ್ನಿನಲ್ಲಿ ಪಾಸ್ಕ, ಅಂದರೆ ಈಸ್ಟರ್, ಬರುವುದು ಎಲೆ ಉದುರುವ ಕಾಲದಲ್ಲಿ. ಮಾರ್ಚ್ 21ಕ್ಕೋ ಅದರ ನಂತರವೋ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ. ಈ ಲೆಕ್ಕ ರೋಮಿಗೂ ಒಂದೇ, ಮಂಗಳೂರಿಗೂ ಒಂದೇ, ನಮಗೂ ಒಂದೇ. ಆದರೆ ಉತ್ತರದವರಿಗೆ ಮಾರ್ಚ್ 21ರಿಂದ ಹಗಲು ಬೆಳೆಯುತ್ತ ಹೋದರೆ ನಮಗೆ ರಾತ್ರಿ ಬೆಳೆಯುತ್ತ ಹೋಗುತ್ತದೆ. ಏಪ್ರಿಲ್ ತಿಂಗಳ ಮೊದಲ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2021ರಲ್ಲೂ 2026ರಲ್ಲೂ ಈಸ್ಟರ್ ಬಿದ್ದದ್ದು ಅದೇ ಭಾನುವಾರ. ಪಾಸ್ಕದ ಜಾಗರಣೆ ಮುಗಿಸಿ ತಡವಾಗಿ ಮಲಗುವವರಿಗೆ ಒಂದು ಗಂಟೆಯ ನಿದ್ದೆ ಲಾಭ, ಅಷ್ಟೇ. ಮರುದಿನದಿಂದ ಸಂಜೆ ಆಫೀಸು ಬಿಡುವ ಹೊತ್ತಿಗೇ ಮಬ್ಬುಗತ್ತಲೆ.

ಹಬ್ಬದ ಸಾಮಾನು ಮಾತ್ರ ಯುರೋಪಿನ ವಸಂತದ್ದೇ. ಕಾರ್ಡುಗಳ ಮೇಲೆ ಡ್ಯಾಫೊಡಿಲ್ ಹೂ, ಆಗಷ್ಟೇ ಹುಟ್ಟಿದ ಕುರಿಮರಿ, ಮೊಟ್ಟೆಯೊಡೆದು ಬಂದ ಹಳದಿ ಕೋಳಿಮರಿ. ಅಂಗಡಿಯಲ್ಲಿ ಶಿಲುಬೆಗೆರೆಯ ಬನ್ನು ಕ್ರಿಸ್ಮಸ್ ಮುಗಿದ ಬೆನ್ನಿಗೇ ಬಂದು ಕೂರುತ್ತದೆ. 2025ರಲ್ಲಿ ಊರಿಂದ ಬಂದ ನನ್ನ ಅಮ್ಮನಿಗೆ ಅರ್ಥವಾಗದೇ ಹೋದದ್ದು ಚಾಕೊಲೇಟಿನ ಮೊಲ. ಯೇಸುವಿಗೂ ಮೊಲಕ್ಕೂ ಏನು ಸಂಬಂಧ ಎಂದು ಕೇಳಿದಳು. ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ, ಬದಲಿಗೆ ಒಂದು ಕಥೆ ಇತ್ತು. 1859ರಲ್ಲಿ ಇದೇ ವಿಕ್ಟೋರಿಯಾದ ವಿಂಚೆಲ್ಸಿಯಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಮೊಲಗಳನ್ನು ತರಿಸಿ ಬಿಟ್ಟ. ಅವು ಹೆಚ್ಚಿ ಹೆಚ್ಚಿ ಖಂಡವನ್ನೇ ಮೇಯ್ದವು. ಅದಕ್ಕೇ ಈಗ ಕೆಲವರು ಮೊಲದ ಬದಲು ಬಿಲ್ಬಿ ಎಂಬ ಉದ್ದ ಕಿವಿಯ, ಅಳಿವಿನಂಚಿಗೆ ಬಂದಿರುವ ಇಲ್ಲಿಯದೇ ಪ್ರಾಣಿಯ ಚಾಕೊಲೇಟು ಮಾಡುತ್ತಾರೆ. ಅಮ್ಮ ಬಿಲ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಹೆಗ್ಗಣ" ಎಂದು ತೀರ್ಮಾನ ಕೊಟ್ಟಳು.

ಎಲೆ ಉದುರುವುದೂ ಇಲ್ಲಿಗೆ ವಲಸೆ ಬಂದದ್ದೇ. ನಮ್ಮ ಬೀದಿಯಲ್ಲಿ ಕೆಂಪಾಗಿ, ಹಳದಿಯಾಗಿ ಉದುರುವ ಮೇಪಲ್, ಎಲ್ಮ್, ಪ್ಲೇನ್ ಮರಗಳೆಲ್ಲ ಹೊರಗಿನಿಂದ ತಂದು ನೆಟ್ಟವು. ಈ ಮಣ್ಣಿನ ನೀಲಗಿರಿ ಮರಗಳು ಚಳಿಗಾಲಕ್ಕೆಂದು ಬೋಳಾಗುವುದಿಲ್ಲ. ಅವು ಬೇಸಿಗೆಯಲ್ಲಿ ತೊಗಟೆ ಕಳಚುತ್ತವೆ, ಎಲೆಯನ್ನು ವರ್ಷವಿಡೀ ಹೊತ್ತುಕೊಂಡೇ ಇರುತ್ತವೆ. ಇನ್ನು ನಮ್ಮ ಕರಾವಳಿಯದು ಮತ್ತೊಂದು ಬಗೆ. ನಾನು ಹುಟ್ಟಿ ಬೆಳೆದ ಉಡುಪಿ ಕಡೆಯ ಹಳ್ಳಿಯಲ್ಲಿ ಪಾಸ್ಕ ಹಬ್ಬವೆಂದರೆ ಧಗೆ. ಗದ್ದೆ ಬಿರುಕು ಬಿಟ್ಟಿರುತ್ತದೆ, ಬಾವಿಯ ನೀರು ತಳಕ್ಕೆ ಹೋಗಿರುತ್ತದೆ, ಗುಡ್ಡೆಯಲ್ಲಿ ಗೇರುಹಣ್ಣು ಕೊಳೆತ ವಾಸನೆ. ಇಗರ್ಜಿಯ ಅಂಗಳದಲ್ಲಿ ಮೇಣದಬತ್ತಿ ಹಿಡಿದು ನಿಂತರೆ ಮೇಣ ಕರಗಿ ಕೈಗೆ ಬೀಳುವ ಮೊದಲೇ ಬೆವರು ಬೀಳುತ್ತಿತ್ತು. ಹೀಗಾಗಿ ಈಸ್ಟರಿನ ವಸಂತ ನಮಗೆ ಅಲ್ಲೂ ಇರಲಿಲ್ಲ, ಇಲ್ಲಂತೂ ಇಲ್ಲವೇ ಇಲ್ಲ. ಅದನ್ನು ನಾವು ಪ್ರಸಂಗಗಳಲ್ಲಿ ಮಾತ್ರ ಕೇಳಿದ್ದು.

ಇಷ್ಟೆಲ್ಲ ನಾನು ತಲೆ ಕೆಡಿಸಿಕೊಳ್ಳಲು ಕಾರಣ ಅಮ್ಮನ ಒಂದು ಮಾತು.

2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕಿತ್ತು. ಈಸ್ಟರನ್ನು ಎಲ್ಲರೂ ಒಂದೇ ದಿನ ಆಚರಿಸಬೇಕೆಂದು ತೀರ್ಮಾನಿಸಿದ ನಿಸೀಯದ ಮಹಾಸಭೆ 325ರಲ್ಲಿ ನಡೆದು 1,700 ವರ್ಷ ತುಂಬಿದ ಸಾಲು. ಪೂರ್ವದ ಆರ್ಥೊಡಾಕ್ಸ್ ಸಭೆಗಳಿಗೂ ನಮಗೂ ಆ ವರ್ಷ ಹಬ್ಬ ಒಂದೇ ದಿನ ಕೂಡಿ ಬಂದಿತ್ತು. ಶನಿವಾರ ರಾತ್ರಿ ಇಗರ್ಜಿಯ ಕಾರ್ ಪಾರ್ಕಿನಲ್ಲಿ ಬೆಂಕಿ ಹಾಕಿದರು. ಸುತ್ತ ಜಾಕೆಟ್ಟು ತೊಟ್ಟ ಫಿಲಿಪಿನೊಗಳು, ಮಲೆಯಾಳಿಗಳು, ವಿಯೆಟ್ನಾಮಿನವರು, ಶ್ರೀಲಂಕಾದವರು, ಸುಡಾನಿನವರು, ನಾಲ್ಕೈದು ಮನೆ ನಮ್ಮ ಕೊಂಕಣಿಯವರು, ಹಿಂದಿನ ಸಾಲಿನಲ್ಲಿ ಐರಿಶ್ ಮೂಲದ ವಯಸ್ಸಾದ ಒಂದಷ್ಟು ದಂಪತಿ. ಫಾದರ್ ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆ ಗೀರಿ, ಆ ವರ್ಷದ ನಾಲ್ಕು ಅಂಕಿ ಗುರುತಿಸಿ, ಐದು ಗಾಯಗಳ ನೆನಪಿಗೆ ಐದು ಧೂಪದ ಮೊಳೆ ಚುಚ್ಚಿದರು. ಗಾಳಿಗೆ ಬತ್ತಿ ಆರುತ್ತಲೇ ಇತ್ತು. ಒಬ್ಬ ಹುಡುಗ ತನ್ನ ಬೇಸ್‌ಬಾಲ್ ಟೋಪಿ ಅಡ್ಡ ಹಿಡಿದ. ಒಳಗೆ ಪ್ರಸಂಗದಲ್ಲಿ ಫಾದರ್, ಸತ್ತಂತೆ ಕಾಣುವ ಕೊಂಬೆಯಲ್ಲಿ ವಸಂತಕ್ಕೆ ಹೊಸ ಎಲೆ ಬರುವುದಿಲ್ಲವೇ, ಹಾಗೆಯೇ ನಮ್ಮನ್ನಗಲಿದವರೂ ಎಂದರು. ಅವರು ಹೊಸದೇನೂ ಹೇಳಲಿಲ್ಲ. ಮೊದಲ ಶತಮಾನದ ಕೊನೆಗೇ ರೋಮಿನ ಕ್ಲೆಮೆಂಟ್ ಕೊರಿಂಥದವರಿಗೆ ಬರೆದ ಕಾಗದದಲ್ಲಿ ಪುನರುತ್ಥಾನಕ್ಕೆ ಸಾಕ್ಷಿಯಾಗಿ ರಾತ್ರಿಯ ಹಿಂದೆ ಬರುವ ಹಗಲನ್ನೂ ಬಿತ್ತಿದ ಬೀಜವನ್ನೂ ತೋರಿಸಿದ್ದಾನೆ. ನಾಲ್ಕನೆಯ ಶತಮಾನದಲ್ಲಿ ಜೆರುಸಲೇಮಿನ ಸಿರಿಲ್, ಕ್ರಿಸ್ತ ಎದ್ದದ್ದು ಭೂಮಿ ಹೂಬಿಡುವ ಋತುವಿನಲ್ಲಿ ಎಂಬುದನ್ನೇ ಒಂದು ಸಾಕ್ಷಿ ಮಾಡಿ ದೀಕ್ಷಾರ್ಥಿಗಳಿಗೆ ಬೋಧಿಸಿದ.

ಅಮ್ಮನಿಗೆ ಇಂಗ್ಲಿಷ್ ಪ್ರಸಂಗ ತಿಳಿಯುವುದಿಲ್ಲ. ಕಾರಿನಲ್ಲಿ ಮನೆಗೆ ಬರುವಾಗ ಫಾದರ್ ಏನು ಹೇಳಿದರು ಎಂದು ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಅಪ್ಪ ಎಲೆಯಾ ಪುತಾ?" ಎಂದಳು.

ಅಪ್ಪ ತೀರಿಕೊಂಡದ್ದು ಒಂದು ಜುಲೈಯಲ್ಲಿ. ಆ ಜಡಿಮಳೆಗೆ ಗುಂಡಿಯಲ್ಲಿ ಮೊಣಕಾಲುದ್ದ ಕೆಂಪು ನೀರು ನಿಂತು, ಅದನ್ನು ಬಕೆಟಿನಲ್ಲಿ ಎತ್ತಿ ಎತ್ತಿ ಚೆಲ್ಲಿದ ಮೇಲೆಯೇ ಪೆಟ್ಟಿಗೆ ಇಳಿಸಿದ್ದು. ಅಮ್ಮನ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು. ಹಳೆಯ ಎಲೆ ಉದುರಿದ ಜಾಗದಲ್ಲಿ ಹೊಸ ಎಲೆ ಬಂದರೆ ಮರಕ್ಕೆ ಲಾಭ. ಉದುರಿದ ಎಲೆಗೆ ಏನು ಬಂತು?

ನನಗೆ ತೋರುವ ಮಟ್ಟಿಗೆ ಇಡೀ ವಸಂತದ ಉಪಮೆ ಈ ಪ್ರಶ್ನೆಯ ಎದುರು ನಿಲ್ಲುವುದಿಲ್ಲ. ವಸಂತ ತರುವುದು ಬದಲಿಯನ್ನು. ಹೋದದ್ದು ಹೋಯಿತು, ಅದರಂತೆಯೇ ಕಾಣುವ ಇನ್ನೊಂದು ಬಂತು. ಬೇಂದ್ರೆಯವರು ಯುಗಾದಿಯ ಮೇಲೆ ಬರೆದ ಪದ್ಯದ ಕೊರಗೂ ಇದೇ ಅಲ್ಲವೇ: ಗಿಡಮರಗಳಿಗೆಲ್ಲ ವರ್ಷವರ್ಷವೂ ಸಿಗುವ ಹೊಸ ಹುಟ್ಟು ನಮಗೇಕಿಲ್ಲ ಎಂದು. ಚೈತ್ರದ ನಡುವೆ ನಿಂತು ಆ ಪದ್ಯ ಚೈತ್ರದ ಬಗ್ಗೆ ಹೊಟ್ಟೆಕಿಚ್ಚು ಪಡುತ್ತದೆ. ಬೇವುಬೆಲ್ಲ ತಿಂದವರ ನಾಡಿಗೆ ಗೊತ್ತಿದ್ದ ಈ ಸತ್ಯ, ಈಸ್ಟರ್ ಕಾರ್ಡು ಬರೆದವರಿಗೆ ಗೊತ್ತಾಗದೇ ಹೋಯಿತು. ಮನುಷ್ಯನ ಸಾವಿಗೆ ಋತುಚಕ್ರ ಸಮಾಧಾನವಾಗುವುದಿಲ್ಲ; ಚಕ್ರ ತಿರುಗುತ್ತಲೇ ಇರುತ್ತದೆ ಎನ್ನುವುದೇ ಮನುಷ್ಯನ ನೋವು.

ಸುವಾರ್ತೆಗಳು ಹೇಳುವುದೂ ಬೇರೆಯೇ. ಯೋಹಾನನ ಸುವಾರ್ತೆಯಲ್ಲಿ ಸಮಾಧಿ ಇರುವುದು ತೋಟದಲ್ಲಿ, ಸಿರಿಲನ ವಸಂತಕ್ಕೆ ಅನುಕೂಲವಾಗಿಯೇ. ಮಗ್ದಲದ ಮರಿಯ ಎದ್ದುಬಂದವನನ್ನು ತೋಟದ ಮಾಲಿ ಎಂದುಕೊಳ್ಳುತ್ತಾಳೆ. ಅವಳಿಗೆ ಗುರುತು ಹತ್ತುವುದು ಹೂ ನೋಡಿ ಅಲ್ಲ, ಹಸಿರು ನೋಡಿ ಅಲ್ಲ. ಅವನು ಅವಳ ಹೆಸರು ಹಿಡಿದು ಕರೆದಾಗ. ಎಂಟು ದಿನ ಕಳೆದು ತೋಮನಿಗೆ ಅವನು ತೋರಿಸುವುದು ಮೊಳೆ ಹೊಡೆದ ಕೈ, ಈಟಿ ತಿವಿದ ಪಕ್ಕೆ. ಹೊಸ ಎಲೆಯ ಮೇಲೆ ಹಳೆಯ ಎಲೆಯ ತೂತು ಇರುವುದಿಲ್ಲ. ಇಲ್ಲಿ ತೂತು ಉಳಿದಿದೆ. ಎದ್ದವನು ಸತ್ತವನೇ, ಅವನಂಥ ಇನ್ನೊಬ್ಬನಲ್ಲ ಎಂಬುದೇ ಇಡೀ ಕಥೆಯ ಹಟ. ಈ ಹಟ ನಂಬಲು ಕಷ್ಟ. ಅಥೆನ್ಸಿನಲ್ಲಿ ಪೌಲ ಮಾತಾಡಿದಾಗ ಪಂಡಿತರು ಶಾಂತವಾಗಿ ಕೇಳಿಸಿಕೊಂಡರು; ಸತ್ತವರು ಏಳುವ ಮಾತು ಬಂದದ್ದೇ ಕೆಲವರು ನಕ್ಕರು. ವಸಂತದ ಬಗ್ಗೆ ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ. ಉಪಮೆ ಹಿತವಾಗಿದೆ ಎಂದರೆ, ನಂಬಿಕೆಯಲ್ಲಿರುವ ನುಂಗಲಾರದ ತುತ್ತನ್ನು ಅದು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಿದೆ ಎಂದೇ ನನಗೆ ಅನುಮಾನ.

ಹಾಗಾದರೆ ಈಸ್ಟರನ್ನು ನಮ್ಮ ಕಡೆಯವರು ಸೆಪ್ಟೆಂಬರಿಗೆ ಹಾಕಿಕೊಳ್ಳಲಿ, ಆಗ ಇಲ್ಲೂ ಹೂವಿರುತ್ತದಲ್ಲ ಎಂದು ನನ್ನ ಸ್ನೇಹಿತನೊಬ್ಬ ತಮಾಷೆ ಮಾಡುತ್ತಾನೆ. ಬೇಡ. ವಸಂತವಿಲ್ಲದ ಈಸ್ಟರೇ ಒಳ್ಳೆಯದು. ಇಲ್ಲಿ ಕಿಟಕಿಯಾಚೆ ನೋಡಿದರೆ ಹಬ್ಬಕ್ಕೆ ಪೂರಕವಾದದ್ದು ಏನೂ ಕಾಣದು. ಹೇಳಿದ ಮಾತನ್ನು ಮಾತಾಗಿಯೇ ನಂಬಬೇಕು, ಇಲ್ಲವೇ ಬಿಡಬೇಕು.

ಭಾನುವಾರದ ಊಟ ಮಾತ್ರ ಊರಿನದೇ ಆಗಬೇಕೆಂದು ಅಮ್ಮನ ಕಟ್ಟಪ್ಪಣೆ. ಸಣ್ಣ ಎಂಬ ಇಡ್ಲಿ, ಬಫಾತು ಎಂಬ ಹಂದಿಮಾಂಸದ ಸಾರು. ಊರಲ್ಲಾದರೆ ಸಣ್ಣದ ಹಿಟ್ಟಿಗೆ ಕಳ್ಳು ಹಾಕುತ್ತಾರೆ, ಆ ಸೆಕೆಗೆ ಗಂಟೆಯೊಳಗೆ ಪಾತ್ರೆಯ ಬಾಯಿ ಮೀರುತ್ತದೆ. ಇಲ್ಲಿ ಕಳ್ಳಿಲ್ಲ, ಈಸ್ಟು, ಸೆಕೆಯಿಲ್ಲ, ಒಲೆ. ಶನಿವಾರ ಮಧ್ಯಾಹ್ನವೇ ಅಮ್ಮ ಅಕ್ಕಿ ಮತ್ತು ಉದ್ದು ರುಬ್ಬಿಸಿ, ಸ್ಟೀಲ್ ಪಾತ್ರೆಗೆ ಹಾಕಿ, ಬಟ್ಟೆ ಕಟ್ಟಿ, ಓವನ್ನಿನ ಒಳಗಿಟ್ಟು, ಬೆಂಕಿ ಹೊತ್ತಿಸದೆ ಒಳಗಿನ ಬಲ್ಬನ್ನು ಮಾತ್ರ ಉರಿಸಿದ್ದಳು. ಜಾಗರಣೆಯಿಂದ ಬಂದವಳು ಚಪ್ಪಲಿ ಬಿಚ್ಚುವ ಮುಂಚೆ ಓವನ್ನಿನ ಗಾಜಿಗೆ ಮುಖ ಹಚ್ಚಿ ನೋಡಿದಳು. ಹಿಟ್ಟು ಬಟ್ಟೆಯನ್ನು ಎತ್ತಿ ನಿಂತಿತ್ತು. ಗುಡ್ ಫ್ರೈಡೆಯ ಗಂಜಿ, ಚಟ್ನಿ ತಿಂದ ಹೊಟ್ಟೆಗೆ ಭಾನುವಾರ ಆ ಬಫಾತು ಇಳಿದ ರುಚಿಯನ್ನು ದೇವಶಾಸ್ತ್ರದ ಚರ್ಚೆಗೆ ಎಳೆಯಬಾರದು.

ಊಟ ಮುಗಿಸಿ ಹಾರ್ಶಮ್‌ಗೆ ಹೊರಟೆವು. ಪಶ್ಚಿಮಕ್ಕೆ ಸುಮಾರು ಮುನ್ನೂರು ಕಿಲೋಮೀಟರ್, ವಿಮ್ಮೆರಾ ಎಂಬ ಗೋಧಿ ಬಯಲು. ನನ್ನ ಚಿಕ್ಕಪ್ಪನ ಮಗಳು ಅಲ್ಲಿ ನರ್ಸ್. ವಿಕ್ಟೋರಿಯಾದಲ್ಲಿ ಶುಕ್ರವಾರದಿಂದ ಸೋಮವಾರದವರೆಗೂ ರಜೆ. ಹೆಚ್ಚಿನವರಿಗೆ ಈಸ್ಟರ್ ಎಂದರೆ ಟೆಂಟು ಹಾಕುವುದು, ಫುಟ್‌ಬಾಲ್ ನೋಡುವುದು, ಅಥವಾ ಸ್ಟಾವೆಲ್ ಊರಿನಲ್ಲಿ 1878ರಿಂದ ನಡೆಯುತ್ತಿರುವ ಓಟದ ಪಂದ್ಯಕ್ಕೆ ಹೋಗುವುದು. ಅದನ್ನು ನೋಡಿ ಮೂಗು ಮುರಿಯುವ ಕ್ರೈಸ್ತರಿದ್ದಾರೆ. ನನಗೆ ಹಾಗೇನೂ ಇಲ್ಲ. ನಾಲ್ಕು ದಿನ ಅಂಗಡಿ ಮುಂಗಟ್ಟು ಅರೆಬರೆ ಮುಚ್ಚಿ ಜನ ಮನೆಯವರ ಜೊತೆ ಇರುತ್ತಾರಲ್ಲ, ಅಷ್ಟು ಪುಣ್ಯ ಹಬ್ಬಕ್ಕೆ ಸಾಕು.

ಸೋಮವಾರ ಬೆಳಿಗ್ಗೆ ಹಾರ್ಶಮ್ ಹತ್ತಿರದ ಮುರ್ಟೋವಾದಲ್ಲಿ ಒಂದು ಕಣಜ ನೋಡಿದೆವು. ಯುದ್ಧದ ದಿನಗಳಲ್ಲಿ ಗೋಧಿ ಹಡಗು ಹತ್ತಲಾಗದೆ ರಾಶಿ ಬಿದ್ದಾಗ, 1941–42ರಲ್ಲಿ ಅವಸರದಿಂದ ಕಟ್ಟಿದ್ದು. ಕಬ್ಬಿಣಕ್ಕೆ ಬರ, ಆದ್ದರಿಂದ ಕಾಡಿನಿಂದ ಕಡಿದು ತಂದ ಮರಗಳನ್ನು ಕೆತ್ತದೆ, ಕೊಯ್ಯದೆ, ಹಾಗೆಯೇ ಕಂಬ ಮಾಡಿ ನಿಲ್ಲಿಸಿದ್ದಾರೆ. 560 ಕಂಬಗಳು, ಸುಮಾರು 270 ಮೀಟರ್ ಉದ್ದ, ಮೇಲೆ ತಗಡು. ಸ್ಟಿಕ್ ಶೆಡ್ ಎಂದೇ ಹೆಸರು. 2014ರಲ್ಲಿ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು. ಒಳಗೆ ಕಾಲಿಟ್ಟರೆ ಎರಡೂ ಬದಿಗೆ ಕಂಬಗಳ ಸಾಲು ಕಣ್ಣು ಹೋದಷ್ಟು ದೂರ, ತಗಡಿನ ಸಂದಿಯಿಂದ ಬಿಸಿಲಿನ ಕೋಲು. ಈ ಕಡೆಯವರು ಅದನ್ನು ಕತೀಡ್ರಲ್‌ಗೆ ಹೋಲಿಸುವುದು ಸುಮ್ಮನೆ ಅಲ್ಲ. ಅಮ್ಮ ಒಳಗೆ ಹೋದವಳೇ ಅಭ್ಯಾಸಬಲದಿಂದ ತಲೆಯ ಮೇಲೆ ಸೆರಗು ಹೊದ್ದಳು. ಈಗ ಅಲ್ಲಿ ಒಂದು ಕಾಳೂ ಇಲ್ಲ.

ಹೊರಗೆ ಹೊಲಗಳಲ್ಲಿ ಧೂಳು. ಬೇಸಿಗೆ ಕಳೆದಿದ್ದರೂ ಶರತ್ಕಾಲದ ಮಳೆ ಬಂದಿರಲಿಲ್ಲ. ಪಶ್ಚಿಮ ವಿಕ್ಟೋರಿಯಾಕ್ಕೆ ಅದು ಕೆಟ್ಟ ಬರದ ವರ್ಷ. ಆದರೂ ಟ್ರಾಕ್ಟರ್ ಓಡುತ್ತಿತ್ತು. ಈ ದೇಶದಲ್ಲಿ ಏಪ್ರಿಲ್ 25, ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್‌ಜಾಕ್ ದಿನ. ಗೋಧಿ ಬಿತ್ತನೆಗೂ ರೈತರಿಗೆ ಅದೇ ಗುರುತಿನ ದಿನ. ತಂಗಿಯ ಪಕ್ಕದ ಮನೆಯ ರೈತ ಒಣ ಮಣ್ಣಿಗೇ ಬೀಜ ಹಾಕುತ್ತಿದ್ದ. ಮಳೆ ಬಂದ ಮೇಲೆ ಬಿತ್ತುತ್ತೇನೆಂದು ಕಾದರೆ ಹದ ತಪ್ಪುತ್ತದೆ, ಹಾಕಿಟ್ಟರೆ ಬಂದಾಗ ಬಂತು ಎಂದ. ಬರದೇ ಹೋದರೆ? ಬೀಜ ಹೋಯಿತು, ಎಂದು ನಕ್ಕ. ಅಮ್ಮನಿಗೆ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಏಣೆಲು, ಅಂದರೆ ಮುಂಗಾರಿನ ಬೇಸಾಯ ಮಾಡಿದವಳು ಅವಳು. ಆದರೆ ಅವಳ ಕಾಲದಲ್ಲಿ ಮುಂಗಾರು ತಪ್ಪುತ್ತಿದ್ದುದು ಕಡಿಮೆ. "ನಮ್ಮ ಮಳೆಗೆ ನಂಬಿಕೆ ಬೇಕಾಗಿರಲಿಲ್ಲ" ಎಂದಳು.

ಗೋಧಿಯ ಕಾಳು ಮಣ್ಣಿಗೆ ಬಿದ್ದು ಸಾಯದಿದ್ದರೆ ಒಂಟಿಯಾಗಿಯೇ ಉಳಿಯುತ್ತದೆ ಎಂಬ ಅರ್ಥದ ಮಾತನ್ನು ಯೇಸು ಆಡಿದ್ದು ಶಿಲುಬೆಗೇರುವ ಕೆಲವೇ ದಿನ ಮುಂಚೆ, ಯೆಹೂದ್ಯರ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಬಂದಾಗ. ಪಾಲೆಸ್ತೀನದಲ್ಲಿ ಬಿತ್ತನೆ ಶರತ್ಕಾಲದ ಮಳೆಗೆ, ಇಲ್ಲಿಯಂತೆಯೇ. ಪಾಸ್ಕದ ಹೊತ್ತಿಗೆ ಅಲ್ಲಿ ಜವೆಗೋಧಿ ಕೊಯ್ಲಿಗೆ ಬಂದಿರುತ್ತದೆ, ಗೋಧಿ ತೆನೆ ಕಟ್ಟಿರುತ್ತದೆ. ಮೊದಲ ಸಿವುಡನ್ನು ದೇವರಿಗೆ ಒಪ್ಪಿಸುವ ವಿಧಿಯೂ ಆಗಲೇ. ಪೌಲ ಕ್ರಿಸ್ತನನ್ನು ಸತ್ತವರಲ್ಲಿ ಪ್ರಥಮ ಫಲ ಎಂದದ್ದು ಆ ಕೊಯ್ಲಿನ ಲೆಕ್ಕದಲ್ಲಿ. ನಮ್ಮ ಕರಾವಳಿಯ ಕಥೋಲಿಕರಿಗೆ ಹೊಸ ತೆನೆ ಬರುವುದು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ. ಪ್ರಥಮ ಫಲ ಎಂದರೆ ಅಮ್ಮನಿಗೆ ನೆನಪಾಗುವುದು ಮಾತೆ ಮರಿಯಳ ಮುಂದಿನ ಹೂವು ಮತ್ತು ಹೊಸ ಅಕ್ಕಿಯ ಊಟ. ಅಂದರೆ ಸುವಾರ್ತೆಯ ಈಸ್ಟರ್ ಚಿಗುರಿನ ಹಬ್ಬವೇ ಆಗಿರಲಿಲ್ಲ. ಅದು ಕೊಯ್ಲಿನ ಹಬ್ಬ. ಯೇಸುವಿನ ಮಾತು ಕೇಳಿದವರ ಕಣ್ಣೆದುರು ತೆನೆ ನಿಂತಿತ್ತು. ಬಿದ್ದ ಕಾಳಿನ ಕಥೆಗೆ ಮುಕ್ತಾಯ ಅವರಿಗೆ ಆಗಲೇ ಗೊತ್ತಿತ್ತು. ವಿಮ್ಮೆರಾದಲ್ಲಿ ಅದೇ ಮಾತನ್ನು ಅದೇ ಹಬ್ಬದಲ್ಲಿ ಓದುವವರ ಎದುರು ಇರುವುದು ಧೂಳು, ಮುಚ್ಚಿದ ಮಣ್ಣು. ಅಪ್ಪನ ಗುಂಡಿಯ ವಿಷಯದಲ್ಲಿ ನಾನು ನಿಂತಿರುವ ಜಾಗವೂ ಅದೇ. ಆದ್ದರಿಂದ ಈ ದಕ್ಷಿಣದ ಈಸ್ಟರ್ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಪೌಲನೂ ಬೀಜದ ಮಾತೆತ್ತುತ್ತಾನೆ, ಆದರೆ ಬಿತ್ತಿದ್ದಕ್ಕೂ ಏಳುವುದಕ್ಕೂ ನಡುವಿನ ಅಂತರವನ್ನೇ ಅವನು ಒತ್ತಿ ಹೇಳುವುದು. ಬರಿಗಾಳನ್ನು ನೋಡಿ ತೆನೆಯನ್ನು ಊಹಿಸಲಾರೆ ಎಂಬ ಧಾಟಿಯಲ್ಲಿ.

ಬೀಜದ ಉಪಮೆಗೂ ಅಮ್ಮನ ಪ್ರಶ್ನೆ ಹಾಕಬಹುದು, ಗೊತ್ತಿದೆ. ತೆನೆಯಲ್ಲಿರುವ ಕಾಳು ಬಿತ್ತಿದ ಕಾಳೇ ಅಲ್ಲವಲ್ಲ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಎಲೆಗಿಂತ ಕಾಳು ವಾಸಿ, ಯಾಕೆಂದರೆ ಕಾಳಿನ ಒಳಗಿದ್ದದ್ದೇ ಹೊರಬರುತ್ತದೆ. ಗಾಯದ ಕೈಯಷ್ಟು ಖಚಿತ ಅದೂ ಅಲ್ಲ.

ವಾಪಸು ಬರುವಾಗ ಬ್ಯಾಲರಾಟ್ ಹತ್ತಿರ ಕತ್ತಲಾಯಿತು. ಆರು ಗಂಟೆಯ ಆಸುಪಾಸು ರೇಡಿಯೋದಲ್ಲಿ ಸುದ್ದಿ: ಪೋಪ್ ಫ್ರಾನ್ಸಿಸ್ ತೀರಿಕೊಂಡರು. ರೋಮಿನಲ್ಲಿ ಆಗ ಇನ್ನೂ ಬೆಳಿಗ್ಗೆ. ಹಿಂದಿನ ದಿನವಷ್ಟೇ ಅವರು ಸಂತ ಪೇತ್ರರ ಬೆಸಿಲಿಕದ ಮಾಳಿಗೆಯಿಂದ ಆಶೀರ್ವಾದ ಕೊಟ್ಟು, ತೆರೆದ ಗಾಡಿಯಲ್ಲಿ ಜನರ ನಡುವೆ ಸುತ್ತಿದ್ದನ್ನು ಫೋನಿನಲ್ಲಿ ನೋಡಿದ್ದೆವು. ಅಮ್ಮ ಶಿಲುಬೆಯ ಗುರುತು ಮಾಡಿ, ಕೊಂಕಣಿಯಲ್ಲಿ ಸತ್ತವರ ಪ್ರಾರ್ಥನೆ ಶುರು ಮಾಡಿದಳು. ಹಿಂದಿನ ಸೀಟಿನ ಮಕ್ಕಳೂ ತಪ್ಪುತಪ್ಪಾಗಿ ದನಿಗೂಡಿಸಿದರು. ಮುಗಿದ ಮೇಲೆ ಅವಳು ಹೇಳಿದ್ದು ಒಂದೇ: "ಹಬ್ಬ ಮುಗಿಸಿಯೇ ಹೋದರಲ್ಲ."

ಹಬ್ಬ ಮುಗಿದಿರಲಿಲ್ಲ. ಈಸ್ಟರ್ ಭಾನುವಾರದಿಂದ ಎಂಟು ದಿನವನ್ನು ಒಂದೇ ಹಬ್ಬದಂತೆ ಆಚರಿಸುವುದು ಸಭೆಯ ಪದ್ಧತಿ. ಮಂಗಳವಾರ ಸಂಜೆ ಇಗರ್ಜಿಗೆ ಹೋದರೆ ಪೀಠದ ಪಕ್ಕ ಪೋಪರ ಫೋಟೋ, ಅದರ ಮುಂದೆ ದೀಪ. ಫಾದರ್ ಮಾತ್ರ ಬಿಳಿಯ ಉಡುಪಿನಲ್ಲೇ ಬಂದರು. ನೇರಳೆಯೂ ಇಲ್ಲ, ಶೋಕಗೀತೆಯೂ ಇಲ್ಲ. ನಲವತ್ತು ದಿನ ಬಾಯಿಗೆ ಬರದಿದ್ದ ಅಲ್ಲೆಲೂಯವನ್ನು ಎಲ್ಲರೂ ಎದ್ದು ನಿಂತು ಹಾಡಿದರು. ಅಮ್ಮ ನನ್ನ ತೋಳು ಜಗ್ಗಿ, ಇವರಿಗೆ ಸುದ್ದಿ ಗೊತ್ತಿಲ್ಲವಾ ಎಂದಳು. ಈ ವಾರದಲ್ಲಿ ಸಾಮಾನ್ಯವಾಗಿ ಸತ್ತವರಿಗೆಂದು ಬೇರೆ ಪೂಜೆ ಇಡುವುದಿಲ್ಲ, ಹಬ್ಬದ ಪೂಜೆಯಲ್ಲೇ ಅವರನ್ನು ನೆನೆಯುತ್ತಾರೆ ಎಂದು ಪಿಸುಗುಟ್ಟಿದೆ. ಅವಳಿಗೆ ಇದು ಒಪ್ಪಿಗೆಯಾಯಿತೋ ಇಲ್ಲವೋ ಮುಖ ನೋಡಿದರೆ ತಿಳಿಯಲಿಲ್ಲ. ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಕರೆದುಕೊಂಡು ಹೋಗೆಂದಳು. ಜುಲೈಯಲ್ಲಿ ಅಪ್ಪನ ವರ್ಷದ ಪೂಜೆ ಇಲ್ಲಿಯೂ ಇಡಿಸಬೇಕು, ಅದರಲ್ಲಿ ಅಲ್ಲೆಲೂಯ ಹಾಡಿಸಲು ಆಗುತ್ತದಾ ಕೇಳು ಎಂದಳು. ಕೇಳಿದೆ. ಜುಲೈಯಲ್ಲಿ ಧಾರಾಳವಾಗಿ ಹಾಡಬಹುದು ಎಂದು ಫಾದರ್ ಡೈರಿಯಲ್ಲಿ ಅಪ್ಪನ ಹೆಸರು ಬರೆದುಕೊಂಡರು. ಆ ಹೆಸರಿನ ಕಾಗುಣಿತ ಎರಡು ಸಲ ಹೇಳಬೇಕಾಯಿತು. ಜುಲೈ ಹೊತ್ತಿಗೆ ಅಮ್ಮನ ವೀಸಾ ಮುಗಿದಿರುತ್ತಿತ್ತು. ಹಾಡಬೇಕಾಗಿದ್ದವನು ನಾನು, ನನಗೋ ರಾಗ ಬರುವುದಿಲ್ಲ.